ಕೂಸಿಗೆ ಒಗ್ಗುವ ಹಾಲು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಗೋಳಗುಮ್ಮಟದ ಹತ್ತಿರ ಔಷಧದ ಅಂಗಡಿ ಇಟ್ಟಿದ್ದ ಲಾಡಲೇಸಾಬ ಠಾಣೆಗೆ ಬಂದು ದೂರು ಕೊಟ್ಟ. ಹೆಂಗಸೊಬ್ಬಳು ಕೌಂಟರಿನ ಮೇಲಿದ್ದ ಡಬ್ಬಿ ಎತ್ತಿಕೊಂಡು ಓಡಿದ್ದಳು.

“ಡಬ್ಬ್ಯಾಗ ಏನಿತ್ತು?” ಇನ್‌ಸ್ಪೆಕ್ಟರ್ ಚೇತನಕುಮಾರ ಕೇಳಿದ.

“ಹಾಲಿನ ಅಲರ್ಜಿ ಇರೋ ಕೂಸುಗಳ ಪುಡಿ, ಸಾಹೇಬ್ರ. ತಿಕೋಟಾದ ಮಲ್ಲಿನಾಥನ ಮಗಳಿಗಂತ ತರಿಸಿದ್ದೆ. ಆ ಹೆಂಗಸು ಬಂದು ಅದನ್ನ ಕೇಳಿದ್ಳು. ಇದು ಬ್ಯಾರೆಯವರದು, ಕೊಡಾಕ ಬರಂಗಿಲ್ಲ ಅಂದೆ.”

ಜೊತೆಗೆ ಬಂದಿದ್ದ ಮಲ್ಲಿನಾಥ ಬಾಗಿಲಲ್ಲೇ ನಿಂತಿದ್ದ. “ಮನ್ಯಾಗಿರೋ ಪುಡಿ ನಾಳಿಗಿ ತೀರತೈತ್ರಿ.”

ಎಫ್‌ಐಆರ್ ದಾಖಲಾಯಿತು. ಅಂಗಡಿಯ ಕ್ಯಾಮೆರಾದಲ್ಲಿ ಅವಳ ಮುಖವನ್ನು ಸೆರಗು ಮುಚ್ಚಿತ್ತು. ಬಸ್ ನಿಲ್ದಾಣದಲ್ಲಿ ವಿಚಾರಿಸಿದಾಗ ಬಬಲೇಶ್ವರದ ಬಸ್ಸಿನ ಕಂಡಕ್ಟರ್ ನೆನಪಿಸಿಕೊಂಡ.

“ಉಡ್ಯಾಗ ಡಬ್ಬಿ ಅವಚಿಕೊಂಡು ಕುಂತಿದ್ಳ್ರಿ. ಬಬಲೇಶ್ವರದಾಗ ಇಳದ್ಳು.”

ಹಾಲು ಆಗದ ಕೂಸು ಯಾರ ಮನೆಯಲ್ಲಿದೆ ಎಂದು ಚೇತನಕುಮಾರ ಬಬಲೇಶ್ವರದ ಆಶಾ ಕಾರ್ಯಕರ್ತೆಯನ್ನು ಕೇಳಿದ.

“ಸುವರ್ಣಾನ ಕೂಸಿಗಿ ಆಗತಿದ್ದಿಲ್ರಿ. ಆದ್ರ ಅದು ರವಿವಾರ ಹೋತು.”

“ಸತ್ತ ಕೂಸಿಗಿ ಪುಡಿ ಯಾಕ್ರಿ?” ಎಂದಳು ಕಾನ್‌ಸ್ಟೆಬಲ್ ವಿದ್ಯಾವತಿ. ಚೇತನಕುಮಾರ ಸುವರ್ಣಾಳ ಮನೆಯ ದಾರಿ ಕೇಳಿಕೊಂಡ.

ಮನೆಯಲ್ಲಿ ಸುವರ್ಣಾಳ ಅತ್ತೆ ಗುರುಬಾಯಿ ಒಲೆಯ ಮುಂದಿದ್ದಳು. “ಇವತ್ತ ಮೂರನೇ ದಿನ. ಕೂಸಿನ್ನ ಹುಗದ ಮಣ್ಣಿಗಿ ಹಾಲು ಎರಿಬೇಕ್ರಿ. ಆಕಿ ಆಗಳೇ ಹೊಲಕ್ಕ ಹೋಗ್ಯಾಳ.”

ಹೊಲದ ಬದುವಿನ ಪಕ್ಕ ಒಂದು ಮೊಳದ ಹೊಸ ಮಣ್ಣು. ಸುವರ್ಣಾ ಬಿಸಿನೀರಲ್ಲಿ ಪುಡಿ ಕಲಸಿ, ಹಾಲಿನ ಬಾಟಲಿಯಿಂದ ಸ್ವಲ್ಪಸ್ವಲ್ಪವೇ ಅದರ ಮೇಲೆ ಬಿಡುತ್ತಿದ್ದಳು.

“ಯಾಕವ್ವಾ?” ವಿದ್ಯಾವತಿ ಪಕ್ಕದಲ್ಲಿ ಕುಳಿತಳು.

“ಅತ್ತಿ ಎಮ್ಮಿ ಹಾಲು ಕಾಸಾಕತ್ತಾರ್ರಿ. ಅದು ಇದಕ್ಕ ಆಗಂಗಿಲ್ಲ. ಅವತ್ತ ಪುಡಿ ತೀರಿತ್ತು, ನಾ ತರಾಕ ಹೋಗಿದ್ದೆ. ಹಸದು ಅಳತೈತಿ ಅಂತ ಅದ ಹಾಲು ಕುಡಿಸ್ಯಾರ. ಬರೂದ್ರಾಗ ಮುಖ ಬಾತು, ಉಸರ ನಿಂತಿತ್ರಿ.”

ಪಂಚನಾಮೆ ಆಯಿತು, ಡಬ್ಬಿ ಜಪ್ತಾಯಿತು. ಅಷ್ಟರಲ್ಲಿ ಲಾಡಲೇಸಾಬ ಫೋನ್ ಮಾಡಿ, ಮಲ್ಲಿನಾಥನ ಮಗಳಿಗೆ ಬೆಳಗಾವಿಯಲ್ಲಿ ಇನ್ನೊಂದು ಡಬ್ಬಿ ಸಿಕ್ಕಿದೆ, ಸಂಜೆಯ ಬಸ್ಸಿಗೆ ಬರುತ್ತದೆ ಎಂದ.

“ಎರಡ ಚಮಚ ತಗೊಂಡೀನ್ರಿ,” ಎಂದಳು ಸುವರ್ಣಾ. “ಉಳಿದದ್ದು ಆ ಕೂಸಿಗಿ ಕೊಡ್ರಿ.”

ಚೇತನಕುಮಾರ ಅವಳನ್ನು ಬಂಧಿಸಿದ. ಅಷ್ಟೊತ್ತಿಗೆ ಗುರುಬಾಯಿ ಹಾಲಿನ ಚರಿಗೆ ಹಿಡಿದು ಬದುವಿನ ಮೇಲೆ ಬಂದು ನಿಂತಿದ್ದಳು. ಪೊಲೀಸರನ್ನೂ ಬಾಟಲಿಯನ್ನೂ ನೋಡಿದ ಮೇಲೆ ಅವಳು ಚರಿಗೆಯನ್ನು ಅಲ್ಲೇ ಕೆಳಗಿಟ್ಟಳು.

ಮೂರು ದಿನದಿಂದ ಸೊಸೆ ಅವಳಿಗೆ ಒಂದು ಮಾತೂ ಅಂದಿರಲಿಲ್ಲ. ಕೂಸನ್ನು ಕೊಂದ ಹಾಲು ಅದರ ಮಣ್ಣಿನ ಮೇಲೆ ಬೀಳಬಾರದು, ಅಷ್ಟಕ್ಕೇ ಸುವರ್ಣಾ ಕಳ್ಳಿಯಾಗಿದ್ದಳು.