ಹಿಟ್ಟಿಗೆ ಆಡಿದ ಮಾತು

“ಮನಸ್ಸಲ್ಲಿ ಸಿಟ್ಟಿದ್ರೆ ಬಾಯಿ ಮುಚ್ಕೊಂಡು ನಾದಿ, ಅಳಿಯಂದಿರೇ. ಆ ಹಿಟ್ಟಿಗೆ ಕಿವಿ ಇದೆ,” ಎಂದಳು ಅತ್ತೆ. ಉಳುಕಿದ ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದಳು.

“ಕಿವಿ ಇದ್ರೆ ಒಂದು ಜೊತೆ ಓಲೆನೂ ಹಾಕ್ಸಿಬಿಡೋಣ,” ಎಂದು ಅಳಿಯ ನಕ್ಕ. ಅತ್ತೆ ನಗಲಿಲ್ಲ.

ಆ ಬೇಕರಿಯವರ ಮನೆಯಲ್ಲಿ ಒಂದು ಪದ್ಧತಿ. ಪ್ರತಿ ಶನಿವಾರ ಮನೆಯವರಿಗೆಂದೇ ತಲೆಗೊಂದು ಬನ್ನು. ಹಿಟ್ಟಿನ ಉಂಡೆಯನ್ನು ಬಾಯಿಯ ಹತ್ತಿರ ಹಿಡಿದು, ಅದು ಯಾರದೋ ಅವರನ್ನು ಯೇಸುವಿನ ಹೆಸರಿನಲ್ಲಿ ಹರಸಿ, ಮೇಲೆ ಅವರವರ ಗುರುತು ಕೊರೆದು ಒಲೆಗೆ ಇಡಬೇಕು. ಭಾನುವಾರ ಚರ್ಚಿನಿಂದ ಬಂದು ಅದನ್ನು ತಿಂದ ಮೇಲೆಯೇ ಉಳಿದ ಊಟ. ಹರಸುವಾಗ ಅತ್ತೆಯ ಎಂಜಲು ಹಿಟ್ಟಿನ ಮೇಲೆ ಸಿಡಿಯುವುದನ್ನು ಅಳಿಯ ಮದುವೆಯಾದ ಮೊದಲ ವಾರವೇ ನೋಡಿದ್ದ. ಅಂದಿನಿಂದ ಅವನ ಪಾಲಿನ ಬನ್ನು ಗುಟ್ಟಾಗಿ ಬೀದಿನಾಯಿಯ ಪಾಲು.

ಪಾದ್ರಿಯಾಗಲು ಓದುತ್ತಿದ್ದು ಅರ್ಧಕ್ಕೇ ಬಿಟ್ಟು ಬಂದವನು ಅವನು. ಓದು ಬಿಟ್ಟರೂ ವಾದ ಬಿಟ್ಟಿರಲಿಲ್ಲ.

“ಹರಸೋನೂ ದೇವ್ರು, ಶಪಿಸೋನೂ ದೇವ್ರು. ಮನುಷ್ಯನ ಬಾಯಿಂದ ಬರೋದು ಬರೀ ಗಾಳಿ. ಕಾರಣ ಇಲ್ಲದ ಶಾಪ ಗುಬ್ಬಿ ಥರ ಹಾರ್ಕೊಂಡು ಹೋಗುತ್ತೆ, ಯಾರ ಮೇಲೂ ಕೂರಲ್ಲ ಅಂತ ಶಾಸ್ತ್ರದಲ್ಲೇ ಇದೆ ಅತ್ತೆ.”

“ಇದೆ, ಇಲ್ಲ ಅಂದೋರು ಯಾರು? ಆದ್ರೆ ಸಂಜೆ ಆದ್ಮೇಲೆ ಗುಬ್ಬಿ ಎಲ್ಲಿಗೆ ಹೋಗುತ್ತೆ? ಗೂಡಿಗೆ ತಾನೇ?” ಅತ್ತೆ ಬಾಗಿಲೆಳೆದುಕೊಂಡು ಹೋದಳು.

ಹಿಟ್ಟು ನಾದುವ ಕೋಣೆಗೆ ಕಿಟಕಿಯಿರಲಿಲ್ಲ. ಹಗಲಲ್ಲೂ ಅಲ್ಲಿ ಮಂಕು ಬಲ್ಬೇ ಗತಿ. ಮೂಲೆಯ ಜಾಡಿಯಲ್ಲಿ ವರ್ಷಗಳಿಂದ ಉಳಿಸಿಕೊಂಡು ಬಂದ ಹುಳಿಹಿಟ್ಟು ಗುಳುಗುಳು ಎನ್ನುತ್ತಿತ್ತು. ಅದರ ವಾಸನೆಯೋ, ಕಾಯಿಲೆಯವರ ಬಾಯಿಯ ವಾಸನೆ. ಅಳಿಯ ಮೂಗಿನಲ್ಲಿ ಉಸಿರಾಡುವುದನ್ನೇ ಬಿಟ್ಟು ನಾದಿದ. ಬೆರಳ ಸಂದಿಗೆ ಹಿಟ್ಟು ಲೋಳೆಯಾಗಿ ಅಂಟಿಕೊಂಡಿತು.

ಅವನ ಸಿಟ್ಟಿಗೆ ಬೆಳಗಿನ ಸಂಗತಿಯೊಂದು ಸಾಕಾಗಿತ್ತು. ಒಲೆಯ ಹಿಂದೆ ಭಾವಮೈದ ಬಾಯಿಗೆ ಕೈ ಅಡ್ಡ ಹಿಡಿದು ತಾಯಿಯ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದ. ಇವನನ್ನು ಕಂಡೊಡನೆ ಇಬ್ಬರೂ ಸುಮ್ಮನಾದರು. ಮನೆ ಅಳಿಯನೆಂದು ಮುಸಿಮುಸಿ ನಗುತ್ತಿದ್ದಾರೆ! ತಿಂದ ಅನ್ನ ಮೈಗೆ ಹತ್ತದಂತೆ ಮಾಡಲು ಇಂಥ ಒಂದು ನಗು ಸಾಕು.

ಎಲ್ಲರ ಉಂಡೆಗೂ ಕಾಟಾಚಾರಕ್ಕೆ ಒಂದೊಂದು ಮಾತು ಒದರಿದ. ಕೊನೆಗೆ ಭಾವಮೈದನದು ಉಳಿಯಿತು. ಅವನ ಗುರುತು ಮೀನು. ಅಳಿಯ ಉಂಡೆಯನ್ನು ತುಟಿಗೆ ತಾಗುವಷ್ಟು ಹತ್ತಿರ ತಂದ.

“ನನ್ನ ನೋಡಿ ನಕ್ಕ ಬಾಯಿಗೆ ಹುಳ ಬೀಳ್ಲಿ. ಯೇಸುವಿನ ಹೆಸರಿನಲ್ಲಿ, ಆಮೆನ್.”

ಹೇಳಿ, ತನ್ನ ಜಾಣತನಕ್ಕೆ ತಾನೇ ನಕ್ಕ. ಅಂಗೈಯಲ್ಲಿ ಉಂಡೆ ಬೆಚ್ಚಗಾಯಿತು. ಒಳಗೇನೋ ಮಿಸುಕಿದಂತಾಯಿತು. ಹುಳಿ ಏರುತ್ತಿದೆ ಎಂದುಕೊಂಡು ಅದರ ಬೆನ್ನ ಮೇಲೆ ಮೀನು ಕೊರೆದ.

ಭಾನುವಾರ ಎಲ್ಲರೂ ಮೇಜಿನ ಸುತ್ತ ಕೂತರು. ಭಾವಮೈದನ ಕೆನ್ನೆ ಊದಿಕೊಂಡಿತ್ತು. ಅವನು ಮೀನಿನ ಬನ್ನನ್ನು ಮುಟ್ಟದೆ ಅಕ್ಕನ ಕಡೆಗೆ ತಳ್ಳಿದ.

“ನನ್ ಕೈಲಾಗಲ್ಲಕ್ಕಾ. ನಿನ್ನೆ ಬೆಳಗ್ಗೆಯಿಂದ ಹಲ್ಲುನೋವು, ಬಾಯಿ ಹಿಡ್ಕೊಂಡೇ ಓಡಾಡ್ತಿದ್ದೀನಿ. ಅಮ್ಮ ಕೊಟ್ಟ ಲವಂಗಕ್ಕೂ ಜಗ್ಗಲಿಲ್ಲ. ನೀನೇ ತಿನ್ನು, ಎರಡು ಜೀವ.”

ಅಳಿಯನ ಕೈ ನಿಂತಿತು. ಬಾಯಿಗೆ ಕೈ ಅಡ್ಡ. ಪಿಸುಮಾತು. ಹಲ್ಲುನೋವು! ಯಾರೂ ನಕ್ಕಿರಲಿಲ್ಲ. ಕಾರಣವೇ ಇಲ್ಲದ ಶಾಪ. ಅದು ಭಾವಮೈದನ ಮೇಲೆ ಕೂರದೆ ಹಾರಿ, ಮೇಜು ದಾಟಿ, ಅವನ ತುಂಬು ಬಸುರಿ ಹೆಂಡತಿಯ ಕೈಗೆ ಬಂದಿತ್ತು. ಅವನ ಗೂಡಿಗೇ ಬಂದಿತ್ತು.

ಹೆಂಡತಿ ಬನ್ನನ್ನು ಮುರಿದಳು. ಒಳಗಿನ ಬಿಳುಪು ಅಲುಗಿತು.

“ತಿನ್ಬೇಡ!” ಅವನು ಕಿತ್ತುಕೊಂಡ.

“ಯಾಕ್ರೀ? ಚೆನ್ನಾಗೇ ಇದೆಯಲ್ಲ.”

ಅವಳಿಗೆ ಕಾಣುತ್ತಿಲ್ಲ. ಅವನಿಗೆ ಕಾಣುತ್ತಿದೆ. ಅಕ್ಕಿಕಾಳಿನಂಥವು. ಒಂದರ ಮೇಲೊಂದು ಹೊರಳುತ್ತಿವೆ. ಮೂಗಿಗೆ ಜಾಡಿಯ ವಾಸನೆ ಬಡಿಯಿತು.

ಅತ್ತೆ ಅವನನ್ನೇ ನೋಡುತ್ತಿದ್ದಳು. ಅವಳ ಮುಖ ಸುಣ್ಣವಾಗಿತ್ತು. “ಹಿಟ್ಟಿಗೆ ಏನಂದ್ರಿ?”

“ಬಾಯಿಗೆ ಬಂದದ್ದು ಅಂದೆ ಅತ್ತೆ. ಒಲೆಗೆ ಹಾಕ್ತೀನಿ. ಸುಟ್ಟುಬಿಡ್ತೀನಿ.”

“ಸುಟ್ರೆ ಬನ್ನು ಹೋಗುತ್ತೆ, ಮಾತು ಹೋಗಲ್ಲ. ಅದು ಈ ಮನೇಲೇ ಸುತ್ತುತ್ತೆ. ಯಾರಾದ್ರೂ ನುಂಗ್ಲೇಬೇಕು.”

ಬರೀ ಗಾಳಿ ಎಂದವನು ಹೆಂಡತಿಯ ಹೊಟ್ಟೆ ನೋಡಿದ. ಕಣ್ಣು ಮುಚ್ಚಿದ. ಬಾಯಿಗೆ ತುರುಕಿಕೊಂಡ.

ಬೆಚ್ಚಗಿತ್ತು. ಹಲ್ಲಿನಡಿ ಪಿಚಕ್ ಎಂದಿತು. ಕಹಿ. ಕೀವಿನ ಕಹಿ. ಕೆಲವು ನಾಲಿಗೆಯ ಬುಡಕ್ಕೆ ತೆವಳಿದವು. ಕೆಲವು ಒಸಡಿನ ಸಂದಿ ಹುಡುಕಿದವು. ಓಕರಿಕೆ ಉಕ್ಕಿತು. ನುಂಗಿದ. ಮತ್ತೆ ಉಕ್ಕಿತು. ಮತ್ತೆ ನುಂಗಿದ. ಕೊನೆಯ ಚೂರು ಇಳಿಯುವ ತನಕ ಅತ್ತೆ ಪ್ರಾರ್ಥಿಸುತ್ತಲೇ ಇದ್ದಳು.

ಡಾಕ್ಟರು ಟಾರ್ಚು ಬಿಟ್ಟು ನೋಡಿ, ಬಾಯಿ ಶುದ್ಧವಾಗಿದೆ ಎಂದರು. ಹಾಗೆನ್ನುತ್ತ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಅಂದಿನಿಂದ ಅವನು ಮಾತಿಗೆಂದು ತುಟಿ ತೆರೆದರೆ ಎಲ್ಲಿದ್ದವೋ ನೊಣಗಳು ಬರುತ್ತಿದ್ದವು. ಅವನು ತಲೆಯಾಡಿಸುವುದನ್ನು, ಕೈಸನ್ನೆ ಮಾಡುವುದನ್ನು ಕಲಿತ. ಸಾಬೂನಿನಿಂದ ನಾಲಿಗೆ ಉಜ್ಜಿ ಉಜ್ಜಿ ರಕ್ತ ಬಂತು, ವಾಸನೆ ಹೋಗಲಿಲ್ಲ.

ಕೂಸು ಹುಟ್ಟಿತು. ಹೆಣ್ಣು, ಕೈಕಾಲು ನೆಟ್ಟಗಿದ್ದ, ಹಾಲಿನ ವಾಸನೆಯ ಕೂಸು. ಮಗುವಿನ ಕಿವಿಯಲ್ಲಿ ಮೊದಲ ಆಶೀರ್ವಾದ ಹೇಳಬೇಕಾದವನು ಅಪ್ಪ. ಎಲ್ಲರೂ ಕಾದು ನಿಂತರು. ಅವನ ಎದೆ ತುಂಬಿ ಬಂದಿತ್ತು. ಜನ್ಮದಲ್ಲಿ ಮೊದಲ ಸಲ ಅವನಿಗೆ ಒಬ್ಬರನ್ನು ಮನಸಾರೆ ಹರಸಬೇಕೆನಿಸಿತ್ತು. ಬಗ್ಗಿದ. ತುಟಿ ತೆರೆದ.

ಮಗುವಿನ ಹಣೆಯ ಮೇಲೆ ಒಂದು ನೊಣ ಬಂದು ಕೂತಿತು. ಹೆಂಡತಿ ಬಟ್ಟೆಯಿಂದ ಕೂಸಿನ ಮುಖ ಮುಚ್ಚಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೂ ಮೂಗು ಹಿಡಿದುಕೊಂಡೇ ಹೇಳಿದಳು:

“ರೀ… ನಿಮ್ ಕಾಲಿಗೆ ಬೀಳ್ತೀನಿ. ಬಾಯಿ ಮುಚ್ಚಿ.”