ಕೋಟೆ ಮಣ್ಣಿನ ರುಚಿ

ಹೊಸ ನಾಲಿಗೆಯ ಮೇಲೆ ಮೊದಲು ಬೆಲ್ಲದ ನೀರು ಬಿತ್ತು. "ಸಿಹಿ" ಎಂದರು ಖಾಜಾಮಿಯಾ. ಹುಣಸೆ, ಉಪ್ಪು, ಹಾಗಲಕಾಯಿ, ಎಲ್ಲವೂ ಸರಿಹೋಯಿತು. 2061ರ ಮಾರ್ಚ್ ಹೊತ್ತಿಗೆ ಬೀದರಿನ ಆ ಆಸ್ಪತ್ರೆಯಲ್ಲಿ ಇಂಥ ನಾಲಿಗೆ ಪಡೆದವರು ನಲವತ್ತಮೂರು ಮಂದಿ. ಕ್ಯಾನ್ಸರ್ ತಗುಲಿದ ನಾಲಿಗೆ ತೆಗೆದು, ರೋಗಿಯದೇ ಜೀವಕೋಶಗಳನ್ನು ಹಂದರವೊಂದರ ಮೇಲೆ ಬೆಳೆಸಿ ನರಗಳಿಗೆ ಜೋಡಿಸುತ್ತಿದ್ದರು. ವಿನ್ಯಾಸ ಡಾ. ವೈಜಯಂತಿ ಬಿರಾದಾರ ಅವರದು.

ಖಾಜಾಮಿಯಾ ಜೇಬಿನಿಂದ ಎರಡು ಬಟ್ಟೆಗಂಟು ತೆಗೆದು, ಒಂದೊಂದರಿಂದ ಚಿಟಿಕೆ ಮಣ್ಣು ನಾಲಿಗೆಗಿಟ್ಟರು. ಮತ್ತೊಮ್ಮೆ ಇಟ್ಟರು.

"ಏನ್ ಚಾಚಾ ಇದು?" ಎದುರಿಗಿದ್ದ ವೈಜಯಂತಿ ಕೇಳಿದರು.

"ಕೋಟಿ ಮಣ್ಣ್ರಿ ಮೇಡಂ. ಎರಡೂ ಒಂದೇ ಅನಸ್ತದ. ಬರೀ ಉಸುಕು."

ಅವರು ಬಿದರಿ ಕೆಲಸಗಾರರು. ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಹಳೆ ಮಣ್ಣು ಮತ್ತು ನವಸಾಗರದ ಉಪ್ಪು ಬೆರೆಸಿದ ಬಿಸಿನೀರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಆ ಗುಣವಿಲ್ಲ. ನೆಕ್ಕಿಯೇ ಆರಿಸಬೇಕು. ಅವರ ಕಾರ್ಖಾನೆಯಲ್ಲಿ ಅದು ಬಲ್ಲವರು ಅವರೊಬ್ಬರೇ.

ವೈಜಯಂತಿಗೆ ಕಾರಣ ತಕ್ಷಣ ಹೊಳೆಯಿತು. "ಈ ನಾಲಿಗಿಯಿಂದ ಲೋಹದ ರುಚಿ ನಾವೇ ತೆಗದೀವಿ. ರೇಡಿಯೇಷನ್ ಆದವರಿಗೆ ಊಟ ತುಕ್ಕು ತಿಂದಂಗ ಆಗ್ತದಂತ."

"ನನ್ನ ಕೇಳಿದ್ರೇನು?"

"ಏನ್ ಉಣ್ತೀರಿ ಅಂತ ಕೇಳಿದ್ವಿ."

"ಉಣ್ಲಿಕ್ಕ ಹಲ್ಲು ಸಾಕಿದ್ವಲ್ರಿ."

"ಮಣ್ಣು ಯಂತ್ರದಾಗ ಅಳೀಬಹುದು ಚಾಚಾ."

"ಯಾವ ಅಂಕಿಗೆ ಕಪ್ಪಾಗ್ತದ, ಎಲ್ಲಿ ಬರದದ? ಇಲ್ಲಿತ್ತು." ಅವರು ಬಾಯಿ ತೋರಿಸಿದರು.

ವೈಜಯಂತಿ ತಾವೇ ಎರಡೂ ಮಣ್ಣು ನೆಕ್ಕಿ ನೋಡಿದರು.

"ಹ್ಯಾಂಗದ?"

"ಮಣ್ಣಿನಂಗ."

ಖಾಜಾಮಿಯಾ ನಕ್ಕುಬಿಟ್ಟರು. "ಅಂಚಿಗೆ ಚುರ್ ಅಂತದೇನು? ಆಮ್ಯಾಲ ತಣ್ಣಗ?"

"ಎಡಗಡೆದು... ಚುರ್ ಅಂದಂಗಾಯ್ತು."

ಆ ಗಂಟು ಹಿಡಿದು ಖಾಜಾಮಿಯಾ ಹೋದರು. ಮರುದಿನ ಮಧ್ಯಾಹ್ನ ಫೋನ್ ಬಂತು. "ಎರಡು ತಿಂಗಳು ಕೆತ್ತಿದ ಬಟ್ಟಲು, ಕಪ್ಪಾಗ್ಲಿಲ್ಲ, ಬೂದು ಬಂತ್ರಿ. ನಾಳಿ ಬ್ಯಾರೆ ಗಂಟು ತರ್ತೀನಿ. ಬಾಯಿ ತೊಳಕೊಂಡು ಕೂಡ್ರಿ."

ವೈಜಯಂತಿ ವಿನ್ಯಾಸದ ಕಡತ ತೆರೆದರು. 'ಬೇಡದ ರುಚಿಗಳು' ಎಂಬ ಪಟ್ಟಿಯಲ್ಲಿ ಹನ್ನೊಂದು ಇದ್ದವು, ಲೋಹ ಏಳನೆಯದು. ಉಳಿದ ಹತ್ತು ಯಾರ್ಯಾರ ಕೈಕೆಲಸಕ್ಕೆ ಬೇಕಿದ್ದವೋ ತಿಳಿಯದು. ಪಟ್ಟಿಯ ಮೂಲ ಹುಡುಕಿದರು. ಮೂವತ್ತೈದು ವರ್ಷ ಹಿಂದಿನ ಒಂದು ಸಮೀಕ್ಷೆ. ಹೆಸರು, ವಯಸ್ಸು, ಊಟ ಎಲ್ಲ ಕೇಳಿದ್ದರು. ಕಸುಬು ಕೇಳಿರಲಿಲ್ಲ.

ಆ ರುಚಿಗಳನ್ನು ನಂಬಿ ಕೆಲಸ ಮಾಡುತ್ತಿದ್ದವರು ಆಗಿನ್ನೂ ಬದುಕಿದ್ದರು, ಕೇಳಬಹುದಿತ್ತು.