ಸಾಹೇಬರ ಕೊನೆಯ ಶುಕ್ರವಾರ

ಮೂವತ್ತನಾಲ್ಕು ವರ್ಷದ ಸರ್ವಿಸನ್ನು ಒಂದು ಹಾಳೆ ನುಂಗಿ ನೀರು ಕುಡಿಯುವುದಾದರೆ ಅದು ಯಾವ ಸೀಮೆಯ ನ್ಯಾಯ? ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನಪ್ಪನವರು ಮೂರು ದಿನದಿಂದ ಇದನ್ನೇ ತಮ್ಮೊಳಗೆ ಕೇಳಿಕೊಳ್ಳುತ್ತಿದ್ದರು. ಜಗಳೂರಿನಲ್ಲಿ ಸಬ್‌ಇನ್ಸ್‌ಪೆಕ್ಟರಾಗಿ ಶುರುಮಾಡಿ, ಚನ್ನಗಿರಿ, ಹೊನ್ನಾಳಿ ಸುತ್ತಿ ನ್ಯಾಮತಿಗೆ ಬಂದವರು. ಸೂಳೆಕೆರೆಯಲ್ಲಿ ಮುಳುಗುತ್ತಿದ್ದ ಇಬ್ಬರನ್ನು ತಾವೇ ಹಾರಿ ಎತ್ತಿದ್ದರು. ಬಡ ಹುಡುಗಿಯರಿಗೆ ಪೊಲೀಸ್ ಪರೀಕ್ಷೆಯ ಪಾಠ ಪುಕ್ಕಟೆ ಹೇಳಿದ್ದರು. ಕಾಯಿಲೆ ಬಿದ್ದ ಹಿರಿಯರ ಮನೆಗೆ ದಿನವೂ ಬೀಟ್ ಪೊಲೀಸರು ಹೋಗಬೇಕೆಂದು ನಿಯಮ ಮಾಡಿದ್ದರು. ಬೀದಿಯಲ್ಲೇ ಸಹಿ ಗೀಚಿ ಜಾರಿಕೊಳ್ಳುವ ಸೋಮಾರಿಗಳಿಗಾಗಿ ಬೀಟ್ ಪುಸ್ತಕವನ್ನು ಆ ಮನೆಗಳ ಬಾಗಿಲ ಒಳಗೆ ಮೊಳೆಗೆ ತೂಗುಹಾಕಿಸಿ, ತಾವು ಹೋದಾಗಲೂ ತಪ್ಪದೆ ಸಹಿ ಮಾಡಿ ತೋರಿಸಿದ್ದರು. ತಿಂಗಳ ಕೊನೆಗೆ ನಿವೃತ್ತಿ. ಊರವರ ಸನ್ಮಾನಕ್ಕೆ ಪೇಟ, ಹಾರ ಎಲ್ಲ ತಯಾರಾಗಿದ್ದವು.

ಹಾಳೆ ಇದ್ದದ್ದು ಜಂಪಣ್ಣನ ಹತ್ತಿರ. ಜಗಳೂರು ಠಾಣೆಯಲ್ಲಿ ಅವರ ಕೈಕೆಳಗೆ ದಾಖಲೆ ಬರೆಯುವ ರೈಟರ್ ಆಗಿದ್ದವನು. ಈಗ ಎರಡೂ ಕಿಡ್ನಿ ಕೈಕೊಟ್ಟು ನ್ಯಾಮತಿಯಲ್ಲಿ ಮಗಳು ಸುಧಾಳ ಮನೆ ಸೇರಿದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಕುರಿ ಕದ್ದನೆಂದು ಮಾರುತೇಶ್ ಎಂಬ ಕೂಲಿಯವನನ್ನು ಠಾಣೆಗೆ ತಂದಿದ್ದರು. ಸಾಹೇಬರ ಲಾಠಿ ಏಟಿಗೆ ಅವನು ಕತ್ತಲಾಗುವಷ್ಟರಲ್ಲಿ ಪ್ರಾಣ ಬಿಟ್ಟ. ಕುರಿ ಮರುದಿನ ತಾನಾಗಿ ದೊಡ್ಡಿಗೆ ಬಂತು. ಮಧ್ಯಾಹ್ನವೇ ಬಿಟ್ಟು ಕಳಿಸಿದೆವು, ಬಾವಿಗೆ ಬಿದ್ದ ಎಂದು ಠಾಣೆಯ ಡೈರಿಗೆ ಹೊಸ ಹಾಳೆ ಬರೆದವನು ಜಂಪಣ್ಣ. ನಡೆದದ್ದನ್ನು ಬರೆದಿದ್ದ ಹಳೆಯ ಹಾಳೆಯನ್ನು ಸುಡು ಎಂದಿದ್ದರು ಸಾಹೇಬರು. ಅವನು ಸುಟ್ಟಿರಲಿಲ್ಲ.

"ಸುಳ್ಳು ಬರೆದ ಕೈ ಇದು, ಸಾಹೇಬ್ರೆ," ಎಂದು ಮಂಗಳವಾರ ಅವನೇ ಹೇಳಿದ್ದ. "ಭಾನುವಾರ ಮಾರುತೇಶನ ಹೆಂಡ್ತಿ ಕರಿಯಕ್ಕ ಬರ್ತಾಳೆ. ಹಾಳೆ ಆಕೆ ಕೈಗೆ ಕೊಟ್ಬಿಡ್ತೀನಿ. ನಿಮಗೆ ಹೇಳದಂಗೆ ಕೊಡಾಕೆ ಮನಸ್ಸು ಬರಲಿಲ್ಲ."

"ಎಲ್ಲೈತೆ ಅದು?"

ಜಂಪಣ್ಣನ ಕಣ್ಣು ಒಮ್ಮೆ ದೇವರ ಫೋಟೋದ ಕಡೆ ಹೋಗಿ ಬಂತು. ಕಳ್ಳರ ಕಣ್ಣು ಓದಿಯೇ ತಲೆ ನರೆತ ಸಾಹೇಬರಿಗೆ ಅಷ್ಟು ಸಾಕಾಗಿತ್ತು.

ಶುಕ್ರವಾರ ಡಯಾಲಿಸಿಸ್. ಅಪ್ಪ ಮಗಳು ಒಂಬತ್ತಕ್ಕೆ ಹೊನ್ನಾಳಿಗೆ ಹೊರಟರೆ ಮೂರರ ತನಕ ಮನೆಗೆ ಬೀಗ. ಅದೇ ದಿನ, ಅದೇ ಮನೆಯ ಹಿಂದಿನ ಬೀದಿಯ ಸಭಾಭವನದಲ್ಲಿ ಸಾಹೇಬರ ರಕ್ತದಾನ ಶಿಬಿರ. ಮೊದಲ ಬಾಟಲಿ ಅವರದ್ದೇ. ಆಮೇಲೆ ಹಿಂಬದಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ವಿಶ್ರಾಂತಿ. ಪ್ರತಿ ವರ್ಷದ ಪದ್ಧತಿ, ನೂರು ಜನ ಸಾಕ್ಷಿ. ಆ ಕೋಣೆಯ ಇನ್ನೊಂದು ಬಾಗಿಲು ಜಂಪಣ್ಣನ ಮನೆಯ ಕಡೆಗೆ ಹೋಗುವ ಸಂದಿಗೆ ತೆರೆಯುತ್ತದೆ. ಬೇಸಿಗೆಯ ಬಿಸಿಲಿಗೆ ಅಲ್ಲಿ ನಾಯಿಯೂ ಸುಳಿಯದು. ಬೆರಳಚ್ಚಿಗೆ ಹೆದರಬೇಕಿಲ್ಲ, ಶಿಬಿರದ ಮೇಜಿನ ಮೇಲೆ ಕೈಗವಸಿನ ಡಬ್ಬಿಯೇ ಇರುತ್ತದೆ. ಏನನ್ನೂ ಒಡೆಯಬಾರದು, ಬೇರೇನನ್ನೂ ಮುಟ್ಟಬಾರದು. ರೋಗಿಷ್ಠ ಮುದುಕ ಎಲ್ಲೋ ಇಟ್ಟು ಮರೆತ, ಅಷ್ಟೇ ಕತೆ.

ಎಲ್ಲ ಎಣಿಸಿದ ಹಾಗೇ ನಡೆಯಿತು. ಕೀಲಿಕೈಯನ್ನು ಹೊರಗೆ ಬಚ್ಚಿಡಬೇಡಿ ಎಂದು ಇಷ್ಟು ವರ್ಷ ಭಾಷಣ ಬಿಗಿದರೂ ಜನ ಕೇಳಲಿಲ್ಲವಲ್ಲ, ಮೀಟರ್ ಪೆಟ್ಟಿಗೆಯ ಮೇಲೇ ಸಿಕ್ಕಿತು. ಫೋಟೋದ ಹಿಂದೆ ನಾಲ್ಕು ಮಡಿಕೆಯ ಹಾಳೆ. ಬಿಡಿಸಿ ನೋಡಬಾರದಿತ್ತು, ನೋಡಿದರು. ಜಂಪಣ್ಣನ ಗುಂಡು ಅಕ್ಷರ: 'ಸಂಜೆ ಐದು ನಲವತ್ತು. ಆಸಾಮಿ ನೀರು ಕೇಳಿದ.' ಕೊಟ್ಟಿರಲಿಲ್ಲ. ಆ ಮುಖ ಇಪ್ಪತ್ತೆರಡು ವರ್ಷ ಎಲ್ಲಿತ್ತೋ, ಈಗ ಎದುರಿಗೇ ಬಂದು ನಿಂತಿತು. ರಕ್ತ ಕೊಟ್ಟ ದೇಹ ಬೇರೆ. ಬಾಗಿಲ ಬಳಿ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಎಷ್ಟು ಹೊತ್ತು ಗೋಡೆಗೆ ಒರಗಿದ್ದರೋ ಅವರಿಗೇ ತಿಳಿಯಲಿಲ್ಲ. ಹೊರಗೆ ಬಂದು ಬೀಗ ಹಾಕಿ, ಕೀಲಿಕೈ ಇದ್ದಲ್ಲೇ ಇಟ್ಟರು. ಸಭಾಭವನದ ಪಾಯಿಖಾನೆಯಲ್ಲಿ ಹಾಳೆಯನ್ನು ಚೂರು ಮಾಡಿ ಎರಡು ಸಲ ನೀರು ಬಿಟ್ಟರು.

ಅಪ್ಪ ಇಟ್ಟಿದ್ದ ಹಾಳೆ ಕಾಣುತ್ತಿಲ್ಲವೆಂದು ಸಂಜೆ ಸುಧಾ ಫೋನ್ ಮಾಡಿದಳು. ಸಾಹೇಬರು ಆ ಬೀಟಿನ ಕಾನ್‌ಸ್ಟೆಬಲ್ ಮೇಘಶ್ರೀಯನ್ನೂ ಕರೆದುಕೊಂಡೇ ಹೋದರು. ಅವರ ಪುಕ್ಕಟೆ ಪಾಠದಲ್ಲಿ ಓದಿ ಕೆಲಸ ಹಿಡಿದ ಹುಡುಗಿ, ಒಳ್ಳೆಯ ಸಾಕ್ಷಿಯಾಗುತ್ತಾಳೆ.

"ಬೀಗ ಹಾಕಿದ್ದು ಹಾಕಿದಂಗೇ ಐತ್ರಿ ಸಾರ್," ಎಂದಳು ಸುಧಾ. "ಒಂಬತ್ತರಿಂದ ಮೂರರ ತನಕ ಮನೇಲಿ ನರಪಿಳ್ಳೆ ಇರಲಿಲ್ಲ. ಯಾರೂ ಒಳಗೆ ಬರಾಕೆ ಸಾಧ್ಯನೇ ಇಲ್ಲ."

"ಎಲ್ಲೋ ಇಟ್ಟು ಮರೆತಿರ್ತೀಯ, ಜಂಪಣ್ಣ. ನಿಧಾನಕ್ಕೆ ಹುಡುಕು," ಎಂದರು ಸಾಹೇಬರು, ದನಿಯಲ್ಲಿ ಇದ್ದಬದ್ದ ಕರುಣೆಯನ್ನೆಲ್ಲ ತುಂಬಿ.

ಜಂಪಣ್ಣ ಮುಖ ಮುಚ್ಚಿಕೊಂಡು ಅತ್ತ. ಬದುಕಿದೆ ಎಂದುಕೊಂಡು ಸಾಹೇಬರು ಎದ್ದರು.

ಹೊರಡುವ ಮುಂಚೆ ಮೇಘಶ್ರೀ, ಅವರೇ ಕಲಿಸಿದ ಹಾಗೆ, ಬಾಗಿಲ ಹಿಂದಿನ ಬೀಟ್ ಪುಸ್ತಕ ತೆರೆದು ದಾರ ಕಟ್ಟಿದ ಪೆನ್ನು ಹಿಡಿದಳು. ಪೆನ್ನು ಕೆಳಗಿಳಿಯಲಿಲ್ಲ. "ಸಾರ್..." ಎಂದು ತಿರುಗಿ ನೋಡಿದಳು. ಜಂಪಣ್ಣ ಗೋಡೆ ಹಿಡಿದು ಎದ್ದು ಬಂದ. ಸಾಹೇಬರಿಗೆ ಕಾಲು ಕೀಳಲೂ ಆಗಲಿಲ್ಲ, ಪುಸ್ತಕ ಕಿತ್ತುಕೊಳ್ಳಲೂ ಆಗಲಿಲ್ಲ. ಕೊನೆಯ ಸಾಲಿನಲ್ಲಿ ಅಂದಿನ ದಿನಾಂಕವಿತ್ತು, ಬೆಳಗ್ಗೆ ಹನ್ನೊಂದು ನಲವತ್ತರ ಹೊತ್ತಿತ್ತು. ಅದರ ಮುಂದೆ 'ಮನೆಯವರೆಲ್ಲ ಕ್ಷೇಮ' ಎಂದು ಬರೆದು, ಮೂವತ್ತನಾಲ್ಕು ವರ್ಷದ ರೂಢಿಯಂತೆ ಕೆಳಗೆ ಎರಡು ಗೆರೆ ಎಳೆದು, ಅವರ ಕೈ ಅವರನ್ನು ಕೇಳದೆಯೇ ಸಹಿ ಹಾಕಿತ್ತು.